ಪೊಲೀಸನ ತಲೆಯ ಮೇಲೆ ಪಾಂಡವರು

ನಾನು ಸಣ್ಣವಳಿದ್ದಾಗ ನಮಗೆ ಹೊಲ ಇರಲಿಲ್ಲ. ಹೊಲ ಇರಲಿಲ್ಲ ಅಂದರೆ ಕೆಲಸ ಇರಲಿಲ್ಲ ಅಂತಲ್ಲ. ಕೆಲಸ ಭಾಳ ಇತ್ತು, ಎಲ್ಲ ಮಂದಿಯದು. ಅಪ್ಪ ಮಂದಿಯ ಕುರಿ ಕಾಯುತ್ತಿದ್ದ. ಅವ್ವ ಮಂದಿಯ ಹೊಲದಲ್ಲಿ ಕಸ ತೆಗೆಯುತ್ತಿದ್ದಳು. ಅಕ್ಕ ಮಂದಿಯ ಜೋಳದ ಮೇಲೆ ಕೂತ ಹಕ್ಕಿ ಓಡಿಸುತ್ತಿದ್ದಳು, ನಾನು ಅಕ್ಕನ ಹಿಂದೆ ಹಿಂದೆ ತಿರುಗುತ್ತಿದ್ದೆ. ದರಿಬಡಚಿಯಿಂದ ಆಚೆ, ಗುಡ್ಡದ ಬುಡದಲ್ಲಿ ನಮ್ಮ ವಸ್ತಿ ಇತ್ತು. ಒಂದಿಷ್ಟು ಗುಡಿಸಲು, ಒಂದು ಬೇವಿನ ಗಿಡ, ಕುರಿಗಳಿಗೆ ಮುಳ್ಳುಬೇಲಿಯ ದೊಡ್ಡಿ. ಅಷ್ಟೇ.

ಮನೆಗೆ ದೊಡ್ಡಾಕೆ ಆಯಿ. ಅಪ್ಪನ ಅವ್ವ. ನೀವು ಮೊಮ್ಮಕ್ಕಳು ನನಗೆ ಆಯಿ ಅಂತೀರಲ್ಲ, ನಾನು ಆಕೆಗೆ ಹಾಗೇ ಅನ್ನುತ್ತಿದ್ದೆ. ನನ್ನ ಬಾಯಿ ಜೋರು ಅಂತ ನಿಮ್ಮ ಅವ್ವ ಅನ್ನುತ್ತಾಳೆ. ಆಯಿಯ ಬಾಯಿ ಕೇಳಿದ್ದರೆ ನನ್ನದು ಏನೂ ಅಲ್ಲ ಅನ್ನುತ್ತಿದ್ದಳು.

ವಸ್ತಿಯ ಬೆನ್ನಿಗೇ ಸರಕಾರದ ಗಾಯರಾನ ಇತ್ತು. ದನ ಮೇಯಲಿ ಅಂತ ಬಿಟ್ಟ ನೆಲ ಅದು. ಆದರೆ ಅಲ್ಲಿ ಹುಲ್ಲಿಗಿಂತ ಕಲ್ಲೇ ಹೆಚ್ಚು. ದನ ಹೋಗಿ ಮೂಸಿ ನೋಡಿ ತಿರುಗಿ ಬರುತ್ತಿದ್ದವು. ಅಪ್ಪ, ಅಪ್ಪನ ತಮ್ಮ ಕಾಕಾ ಮತ್ತು ವಸ್ತಿಯ ಉಳಿದ ಮನೆಯವರು ಕೂಡಿ ಅದರ ಒಂದು ಪಟ್ಟಿಯನ್ನು ಹಸನು ಮಾಡಿದರು. ಎಲ್ಲರೂ ಕಲ್ಲು ಆರಿಸಿದೆವು. ಹುಡುಗರೂ ಆರಿಸಿದೆವು, ಮುದುಕರೂ ಆರಿಸಿದರು. ಉಗುರಿನ ಸಂದಿ ಒಡೆದು ರಕ್ತ ಬರುತ್ತಿತ್ತು, ಅದಕ್ಕೆ ಅವ್ವ ಅರಿಶಿಣ ಮೆತ್ತುತ್ತಿದ್ದಳು. ಆರಿಸಿದ ಕಲ್ಲಿನಿಂದಲೇ ವಡ್ಡು ಹಾಕಿದರು. ಮಳೆಯ ನೀರು ವಡ್ಡಿಗೆ ತಡೆದು ನಿಂತು ಮಣ್ಣು ಬಿಟ್ಟು ಹೋಯಿತು. ಹಿಂಗಾರಿ ಮಳೆ ಆದ ಮೇಲೆ ಕೂರಿಗೆ ಬೇಡಿ ತಂದು ಬಿಳಿಜೋಳ ಬಿತ್ತಿದರು.

ಜೋಳ ಎದ್ದಿತು. ನಾನು ನೋಡಿದ ಜೋಳಗಳಲ್ಲಿ ಅದೇನು ಬಹಳ ದೊಡ್ಡ ತೆನೆಯದಲ್ಲ, ಸುಳ್ಳು ಹೇಳುವುದಿಲ್ಲ. ಅಪ್ಪನ ಎದೆಮಟ್ಟಕ್ಕೆ ಬಂದಿತ್ತು. ಆದರೆ ತೆನೆ ಹಿಂಡಿದರೆ ಹಾಲು ಬರುತ್ತಿತ್ತು. ಆಯಿ ದಿನಾ ಮುಂಜಾನೆ ಹೋಗಿ ಒಂದೊಂದೇ ತೆನೆ ಹಿಡಿದು ನೋಡಿ ಬರುತ್ತಿದ್ದಳು, ಮನೆಗೆ ಬಂದ ಬೀಗರ ಮಕ್ಕಳ ಗಲ್ಲ ಹಿಡಿದ ಹಾಗೆ.

ಆಗ ಊರಿನ ಜಮೀನಿನ ಲೆಕ್ಕ ಬರೆಯುವ ತಲಾಠಿ ಬಂದ. ಬೇವಿನ ಗಿಡದ ನೆರಳಿನಲ್ಲಿ ಸೈಕಲ್ ನಿಲ್ಲಿಸಿ, ಇಳಿಯದೇ, ಒಂದು ಕಾಲು ನೆಲಕ್ಕೆ ಊರಿ ಹೇಳಿದ. ಗಾಯರಾನದಲ್ಲಿ ಬಿತ್ತಿದ್ದು ತಪ್ಪು. ಅಲ್ಲಿ ಸರಕಾರದವರು ಗಿಡ ನೆಡುತ್ತಾರೆ. ಅಮಾಸಿ ಕಳೆದ ಮೇಲೆ ಮಂದಿ ಬಂದು ಜೋಳ ಕಿತ್ತು ಹಾಕುತ್ತಾರೆ.

"ಕಾಳ ಬಲಿಯೂತನಕಾ ತಡೀರಿ," ಅಂದ ಅಪ್ಪ.

"ನನ್ನ ಕೈಯಾಗ ಏನೈತಿ? ಮ್ಯಾಲಿನವರ ಹುಕುಂ," ಅಂತ ತಲಾಠಿ ಪೆಡಲ್ ತುಳಿದು ಹೋದ.

ಆ ಜೋಳ ಹೋದರೆ ವರ್ಷದ ರೊಟ್ಟಿ ಹೋದ ಹಾಗೆ. ನೆಲದ ಮಾತು ಆಮೇಲೆ. ಮೊದಲು ರೊಟ್ಟಿ. ಅವ್ವ ಅಳಲಿಲ್ಲ, ಒಲೆಯ ಬೂದಿ ತೆಗೆಯುತ್ತ ಕೂತಳು. ತೆಗೆದದ್ದನ್ನೇ ಮತ್ತೆ ತೆಗೆದಳು.

ಕಾಕಾ ಕೋಲ್ಹಾಪುರದ ಕಡೆ ಕಬ್ಬು ಕಡಿಯಲು ಹೋಗಿ ಬಂದವನು. ಅಲ್ಲಿ ಮೋರ್ಚಾ ನೋಡಿದ್ದ. ಸಾವಿರ ಮಂದಿ ಸಾಲು ಹಿಡಿದು ಕಚೇರಿಗೆ ನಡೆಯುತ್ತಾರೆ, ಯಾರಿಗೂ ಒಂದೇಟು ಹೊಡೆಯುವುದಿಲ್ಲ, ಆದರೂ ಸಾಹೇಬರು ಹೊರಗೆ ಬರುತ್ತಾರೆ ಅಂತ ಹೇಳುತ್ತಿದ್ದ. ನಾವೂ ಹೋಗೋಣ ಅಂದ. ಸೋನ್ಯಾಳದ ಕಡೆಯೂ ಹೊಲ ಇಲ್ಲದವರು ಗಾಯರಾನ ಬಿತ್ತಿದ್ದರು, ಅವರಿಗೂ ಹೇಳಿ ಕಳಿಸಿದ. ತಹಶೀಲ್ದಾರನಿಗಿಂತ ದೊಡ್ಡವನು ಪ್ರಾಂತ ಸಾಹೇಬ. ಅವನು ತಾಲೂಕಿನ ಊರು ಜತ್ತಕ್ಕೆ ಬರುವ ದಿನ ಯಾವುದು ಅಂತ ಕಾಕಾ ವಿಚಾರಿಸಿಕೊಂಡು ಬಂದ. ಎಳ್ಳ ಅಮಾಸಿಯ ದಿನ!

ಆಯಿ ಸಿಟ್ಟಿಗೆದ್ದಳು.

"ಅವನಿಗೆ ಬ್ಯಾರೆ ದಿನಾನ ಸಿಗಲಿಲ್ಲೇನು?"

"ಅವರ ಕಡೆ ಎಳ್ಳ ಅಮಾಸಿ ಮಾಡೂದಿಲ್ಲಬೇ," ಅಂದ ಕಾಕಾ.

"ಮಾಡಲಿಲ್ಲಂದ್ರ ಅವರ ಹೊಲದಾಗ ಏನ ಬೆಳೀತೈತಿ? ಕಾಗದ?"

ಎಳ್ಳ ಅಮಾಸಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ನಿಮಗೆ ಗೊತ್ತು. ಬಸುರಿ ಹೆಂಗಸಿಗೆ ಬಯಕೆ ಊಟ ಹಾಕುವ ಹಾಗೆ, ತೆನೆ ಹೊತ್ತ ಭೂಮಿಗೆ ಆವತ್ತು ಉಣಿಸುತ್ತಾರೆ. ಸುಣ್ಣ ಹಚ್ಚಿದ ಕಲ್ಲುಗಳನ್ನು ಪಾಂಡವರು ಅಂತ ಸಾಲಾಗಿ ಇಟ್ಟು ಪೂಜೆ ಮಾಡಿ, ಅಡಿಗೆಯನ್ನು ಹೊಲದ ತುಂಬ ಚೆಲ್ಲುತ್ತ ಹೋಗುವುದು. ನಾವೂ ಪ್ರತಿ ವರ್ಷ ಹೋಗುತ್ತಿದ್ದೆವು, ಆದರೆ ಮಂದಿಯ ಹೊಲಕ್ಕೆ, ಮಂದಿಯ ಬುಟ್ಟಿ ಹೊತ್ತುಕೊಂಡು. ಚೆಲ್ಲುವವರು ಅವರು. ನೀರಿನ ಕೊಡ ಹಿಡಿಯುವವರು ನಾವು. ಆಮೇಲೆ ಬದುವಿನ ಮೇಲೆ ಕೂತು ಉಣ್ಣುತ್ತಿದ್ದೆವು. ಊಟ ಚಲೋ ಇರುತ್ತಿತ್ತು. ಅದಕ್ಕೆ ಹೆಸರಿಡುವುದಿಲ್ಲ.

"ಹುಟ್ಟಿದಾಗಿಂದ ಮಂದಿ ಬುಟ್ಟಿ ಹೊತ್ತೀನಿ," ಅಂದಳು ಆಯಿ. "ಈ ವರ್ಷ ನಂದು ಅಂತ ನಾಕು ತೆನಿ ಎದ್ದಾವು. ಚರಗ ಚೆಲ್ಲದ ನಾ ಎಲ್ಲಿಗೂ ಬರಾಂಗಿಲ್ಲ."

"ಹೊಲ ಉಳದ್ರ ಚರಗ ಬರೂ ವರ್ಷ ಚೆಲ್ಲಬಹುದು ಯವ್ವಾ," ಅಂದ ಅಪ್ಪ.

"ಹೊಲ ಬರೂ ವರ್ಷ ಇರತೈತಿ ಅಂತ ಆಕೀಗೆ ಯಾರು ಹೇಳ್ಯಾರ?" ಅಂದಳು ಆಯಿ. ಆಕೆ ಅಂದರೆ ಭೂಮಿ. ಆಯಿ ಭೂಮಿಯ ಮಾತನ್ನು ಪಕ್ಕದ ಮನೆಯ ಹೆಂಗಸಿನ ಮಾತಿನಂತೆ ಆಡುತ್ತಿದ್ದಳು.

ಮೂರನೇ ದಿನ ಆಯಿ ತಾನಾಗಿಯೇ, "ಬರ್ತೀನಿ. ಅಡಿಗಿ ಮಾತ್ರ ಬಿಡಾಂಗಿಲ್ಲ," ಅಂದಳು. ಕಾಕಾ ಖುಷಿಯಾದ. ದಾರಿಗೆ ಬುತ್ತಿ ಬೇಕೇ ಬೇಕಿತ್ತಲ್ಲ. ಆಯಿ ಅಷ್ಟು ಸುಲಭಕ್ಕೆ ಹೂಂ ಅಂದಳು ಯಾಕೆ ಅಂತ ಅವನು ವಿಚಾರ ಮಾಡಲಿಲ್ಲ. ಮಾಡಬೇಕಿತ್ತು.

ಹಿಂದಿನ ದಿನವೆಲ್ಲ ಅಡಿಗೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಪುಂಡಿಪಲ್ಲೆ, ಅಗಸಿ ಹಿಂಡಿ, ಬದನೆಕಾಯಿ. ವಸ್ತಿಯ ತುಂಬ ಹುರಿದ ಎಳ್ಳಿನ ವಾಸನೆ. ನನಗೆ ಮೋರ್ಚಾ ಗೀರ್ಚಾ ಗೊತ್ತಿರಲಿಲ್ಲ. ಜತ್ತದ ಪೇಟೆ ನೋಡುವುದು, ಕಡುಬು ತಿನ್ನುವುದು, ಇಷ್ಟೇ ನನ್ನ ತಲೆಯಲ್ಲಿ.

ಅಮಾಸಿಯ ಮುಂಜಾನೆ ಬೆಳಕು ಹರಿಯುವ ಮೊದಲು ಎಲ್ಲರೂ ಬೇವಿನ ಗಿಡದ ಕೆಳಗೆ ಕೂಡಿದರು. ಥಂಡಿ ಭಾಳ ಇತ್ತು. ಗಂಡಸರು ಕಂಬಳಿ ಹೊದ್ದಿದ್ದರು, ಕಂಬಳಿಯಿಂದ ಕುರಿಯ ವಾಸನೆ ಬರುತ್ತಿತ್ತು. ಕಾಕಾ ಒಬ್ಬೊಬ್ಬರನ್ನೇ ತಪಾಸಣೆ ಮಾಡಿದ. ಕೋಲು ಬೇಡ, ಕುಡಗೋಲು ಬೇಡ, ಕಲ್ಲು ಬೇಡ, ಬೈಗುಳ ಬೇಡ ಅಂದ. ಬೈಗುಳ ಬೇಡ ಅಂದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅವರು ಹೊಡದ್ರ?" ಅಂತ ಒಬ್ಬ ಕೇಳಿದ.

"ಕುಂದ್ರೂದು."

"ಕುಂತ ಮ್ಯಾಲೂ ಹೊಡದ್ರ?"

"ಕುಂತಾಂವ ಇನ್ನ ಎಲ್ಲಿ ಬೀಳ್ತಾನ? ಅಲ್ಲೇ ಇರೂದು."

ಬೇವಿನ ಗಿಡಕ್ಕೆ ಒರಗಿಸಿದ ಕೋಲುಗಳ ರಾಶಿಯಾಯಿತು. ಕುರಿ ಕಾಯುವವರ ಕೈಯಿಂದ ಕೋಲು ಬಿಡಿಸುವುದು ನೀವು ತಿಳಿದಷ್ಟು ಸುಲಭವಲ್ಲ. ಅವರು ಕೋಲನ್ನು ಹೆಗಲ ಮೇಲೆ ಅಡ್ಡ ಇಟ್ಟು ಎರಡೂ ಕೈ ಅದರ ಮೇಲೆ ಚೆಲ್ಲಿ ನಡೆಯುವವರು. ಆವತ್ತು ಕೋಲಿಲ್ಲದೆ ಕೈ ಎಲ್ಲಿಡಬೇಕು ಅಂತ ತಿಳಿಯದೇ ಒದ್ದಾಡಿದರು. ಅಪ್ಪ ಬಹಳ ದೂರದವರೆಗೆ ಇಲ್ಲದ ಕೋಲಿನ ಮೇಲೆಯೇ ಕೈ ಹಾಕಿಕೊಂಡು ನಡೆದ. ಆಯಿಯ ಸಂಚಿಯಲ್ಲಿದ್ದ ಅಡಕೊತ್ತನ್ನೂ ಕಾಕಾ ತೆಗೆಸಿದ.

"ಇದರಿಂದ ನಾ ಪೊಲೀಸನ ಮೂಗ ಕತ್ತರಸ್ತೀನೇನೋ?" ಅಂದಳು ಆಯಿ.

"ನೀ ಕತ್ತರಸೂದಿಲ್ಲ. ಕತ್ತರಸಾಕ ಬಂದಾಳ ಅಂತ ಅವರು ಹೇಳ್ತಾರ."

ಆಯಿ ಗೊಣಗುತ್ತ ಕೊಟ್ಟಳು. ಅಕ್ಕನ ಸೊಂಟಕ್ಕೆ ನೀರಿನ ಕೊಡ ಬಂತು. ನನ್ನ ತಲೆಯ ಮೇಲೆ ಆಯಿ ಸಿಂಬಿ ಇಟ್ಟು, ಅದರ ಮೇಲೆ ಬುಟ್ಟಿ ಇಟ್ಟಳು. ಅವ್ವ ದೊಡ್ಡ ಬುಟ್ಟಿ ಹೊತ್ತಿದ್ದಳು, ನನ್ನದು ಸಣ್ಣದು. ಸಣ್ಣದಾದರೂ ನನ್ನ ಕುತ್ತಿಗೆ ಹೆಗಲೊಳಗೆ ಇಳಿದ ಹಾಗಾಯಿತು.

"ಭಾಳ ವಜ್ಜ ಐತಿ ಆಯಿ. ಏನೈತಿ ಇದರಾಗ?"

"ರೊಟ್ಟಿ."

"ರೊಟ್ಟಿ ಇಷ್ಟ ವಜ್ಜ ಇರ್ತಾವನ?"

"ಬಾಯಿ ಮುಚ್ಚಿ ನಡಿ. ಉಣ್ಣೂ ಮುಂದ ಹಗರ ಅಕ್ಕಾವು."

ಮೋರ್ಚಾ ಹೊರಟಿತು. ಕೂಡುರಸ್ತೆಯಲ್ಲಿ ಸೋನ್ಯಾಳದ ಕಡೆಯವರು ಬಂದು ಸೇರಿದರು. ಮುಂದೆ ನೋಡಿದರೂ ಮಂದಿ, ಹಿಂದೆ ನೋಡಿದರೂ ಮಂದಿ. ರಸ್ತೆಯ ಎರಡೂ ಕಡೆ ಜೋಳದ ಎಲೆಗಳ ಮೇಲೆ ಇಬ್ಬನಿ. ಕಡಲೆ ಹೊಲಗಳಿಂದ ಹುಳಿ ವಾಸನೆ ಬರುತ್ತಿತ್ತು. ಎಳೆ ಕಡಲೆಯ ಸೊಪ್ಪಿಗೆ ನಮಗೆಲ್ಲ ಬಾಯಲ್ಲಿ ನೀರು. ಆದರೆ ಮಂದಿಯ ಹೊಲದ ಒಂದು ಎಲೆಯನ್ನೂ ಮುಟ್ಟಬಾರದು ಅಂತ ಕಾಕಾ ಹೇಳಿದ್ದ. ನಾನು ಬದುವಿನ ಕಡೆ ಒಂದು ಹೆಜ್ಜೆ ಸರಿದರೆ ಸಾಕು, ಅಕ್ಕ ಹಿಂದಿನಿಂದ ಜಡೆ ಎಳೆಯುತ್ತಿದ್ದಳು.

ಹೊಲ ಇದ್ದವರು ಚಕ್ಕಡಿ ಕಟ್ಟಿಕೊಂಡು ಚರಗಕ್ಕೆ ಹೊರಟಿದ್ದರು. ಎತ್ತಿನ ಕೋಡಿಗೆ ರಿಬ್ಬನ್ನು, ಒಳಗೆ ಹೊಸ ಅಂಗಿಯ ಹುಡುಗರು. ಅವರು ಒಂದು ಕಡೆ, ನಾವು ಒಂದು ಕಡೆ. ಅಪ್ಪ ಯಾರ ಕುರಿ ಕಾಯುತ್ತಿದ್ದನೋ ಆ ಗೌಡರ ಚಕ್ಕಡಿಯೂ ಬಂತು. ಗೌಡರು ಚಕ್ಕಡಿ ತಡೆದು ನಕ್ಕರು.

"ಏನಬೇ ಮುದುಕಿ, ಎಲ್ಲಾರೂ ಹೊಲಕ್ಕ ಹೊಂಟಾರ, ನೀವು ಪ್ಯಾಟಿಗೆ ಹೊಂಟೀರಿ? ಡಾಂಬರಿಗೆ ಚರಗ ಚೆಲ್ಲಾವ್ರೇನು?"

"ಇದ್ದಾವ್ರು ಹೊಲಕ್ಕ ಹೋಗ್ತಾರ್ರಿ ಗೌಡ್ರ, ಇಲ್ಲದಾವ್ರು ಕಚೇರಿಗೆ ಹೋಗ್ತಾರ," ಅಂದಳು ಆಯಿ. "ನಿಮ್ಮ ಬುಟ್ಟಿ ಈ ವರ್ಷ ನೀವಾ ಹೊರ್ರಿ. ಕುತಗಿ ಗಟ್ಟಿ ಅಕ್ಕೈತಿ."

ಗೌಡರ ನಗು ನಿಂತಿತು. ಅಪ್ಪ ತಲೆ ತಗ್ಗಿಸಿದ. ನಾಳೆ ಮತ್ತೆ ಅದೇ ಗೌಡರ ದೊಡ್ಡಿಗೆ ಹೋಗಬೇಕಾದವನು ಅವನೇ ಅಲ್ಲವೇ? ಚಕ್ಕಡಿ ಹೋದ ಮೇಲೆ ಕಾಕಾ, "ಬೈಗುಳ ಬ್ಯಾಡ ಅಂದಿದ್ದೆ," ಅಂದ. "ಅದು ಬೈಗಳಲ್ಲ," ಅಂದಳು ಆಯಿ. "ಅದು ಮಾತು."

ಬಿಸಿಲು ಏರಿತು. ಕಂಬಳಿಗಳು ಹೆಗಲಿಗೆ ಬಂದವು. ಕಾಕಾ ಮುಂದೆ ನಿಂತು, "ದುಡದವನ ನೆಲಾ!" ಅಂತ ಕೂಗಿದರೆ ನಾವು ಹಿಂದಿನಿಂದ, "ದುಡದವಗ ಬೇಕು!" ಅನ್ನುತ್ತಿದ್ದೆವು. ಮೊದಲು ನಾಚಿಕೆ ಬರುತ್ತಿತ್ತು. ಅವ್ವ ಅಂತೂ ತುಟಿ ಮಾತ್ರ ಅಲ್ಲಾಡಿಸುತ್ತಿದ್ದಳು. ಆಮೇಲೆ ಧ್ವನಿ ಬಂತು. ಅವ್ವನಿಗೆ ಅಷ್ಟು ದೊಡ್ಡ ಧ್ವನಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಜತ್ತದ ಮನೆಗಳು ಕಾಣಿಸುವಷ್ಟರಲ್ಲಿ ರಸ್ತೆಗೆ ಅಡ್ಡ ಪೊಲೀಸರು ನಿಂತಿದ್ದರು. ಕೈಯಲ್ಲಿ ಲಾಠಿ. ಮುಂದೆ ಮೀಸೆಯ ಫೌಜದಾರ. ನಮ್ಮ ಸೀಮೆಯಲ್ಲಿ ಮನೆಯ ಮಾತು ಕನ್ನಡ, ಸರಕಾರದ್ದು ಮರಾಠಿ; ಅವನು ಘಾಟಿನ ಆಚೆಯವನು, ಬರೀ ಮರಾಠಿ ಬರುತ್ತಿತ್ತು. ಗಂಟು ಬಿಚ್ಚಿ ತೋರಿಸಿ ಆಮೇಲೆ ಮುಂದೆ ಹೋಗಿ ಅಂದ. ಕಾಕಾ ಧೈರ್ಯದಿಂದ, ನೋಡಿರಿ ಸಾಹೇಬರೇ, ರೊಟ್ಟಿ ಬಿಟ್ಟು ಬೇರೇನಿಲ್ಲ ಅಂದ. ಪಾಪ, ಅವನಿಗೆ ಗೊತ್ತಿದ್ದದ್ದು ಅಷ್ಟೇ.

ಸಣ್ಣ ಹುಡುಗರ ಗಂಟು ಯಾರೂ ಬಿಚ್ಚಲಿಲ್ಲ. ನಾನು ದಾಟಿ ಹೋಗಬಹುದಿತ್ತು. ಆದರೆ ಒಬ್ಬ ಹರೆಯದ ಪೊಲೀಸ ನನ್ನನ್ನು ನೋಡಿ, ಪಾಪ, ಹುಡುಗಿ ಓಲಾಡುತ್ತಿದ್ದಾಳೆ ಅಂತ ಬುಟ್ಟಿ ಇಳಿಸಿಕೊಳ್ಳಲು ಕೈ ಹಚ್ಚಿದ. ಬುಟ್ಟಿ ಅವನ ಕೈಯನ್ನೇ ಕೆಳಗೆ ಎಳೆಯಿತು. ಅವನು ಅರಿವೆ ಸರಿಸಿದ. ರೊಟ್ಟಿ ಎತ್ತಿದ. ರೊಟ್ಟಿಯ ಕೆಳಗೆ ಬಾಳೆ ಎಲೆ. ಎಲೆಯ ಕೆಳಗೆ ಸುಣ್ಣ ಹಚ್ಚಿದ, ಮುಷ್ಟಿಗಿಂತ ದೊಡ್ಡ ಕಲ್ಲುಗಳು.

"ಥಾಂಬಾ!" ಅಂತ ಫೌಜದಾರ ಕೂಗಿದ, ನಿಲ್ಲಿರಿ ಅಂತ. ಸೀಟಿ ಊದಿದರು. ಲಾಠಿಗಳೆಲ್ಲ ಒಮ್ಮೆಗೇ ಮೇಲೆದ್ದವು. ನಮ್ಮ ಕಡೆಯ ಹರೆಯದವರು ಮುಂದೆ ನುಗ್ಗಲು ನೋಡಿದರು. ಕಾಕಾನ ಮುಖ ಆ ಕಲ್ಲಿನಷ್ಟೇ ಬೆಳ್ಳಗಾಗಿತ್ತು. ಆದರೂ ಅವನು ಎರಡೂ ಕೈ ಎತ್ತಿ, "ಕುಂದರ್ರಿ! ಎಲ್ಲಾರೂ ಕುಂದರ್ರಿ!" ಅಂತ ಒದರಿದ. ಇಡೀ ಮೋರ್ಚಾ ಡಾಂಬರಿನ ಮೇಲೆ ಕೂತಿತು. ಡಾಂಬರು ಕಾದಿತ್ತು, ಕುಂಡಿ ಸುಡುತ್ತಿತ್ತು. ಯಾರೂ ಏಳಲಿಲ್ಲ. ನಿಂತಿದ್ದವರು ನಾನು, ನನ್ನ ಬುಟ್ಟಿ ಹಿಡಿದ ಪೊಲೀಸ, ಕಾಕಾ ಮತ್ತು ಆಯಿ.

"ಯವ್ವಾ, ಒಂದು ಹರಳ ಸೈತ ತರಬ್ಯಾಡ ಅಂದಿದ್ದೆ ನಾ," ಅಂದ ಕಾಕಾ.

"ಇವು ಹರಳಲ್ಲ. ಪಾಂಡವರು. ಗುಡ್ಡದ ನೆಲದಾಗಿಂದ ನಾನ ಆರಿಸಿದವು."

ಅವು ನಾವು ಹಸನು ಮಾಡಿದ ಪಟ್ಟಿಯಿಂದಲೇ ಬಂದ ಕಲ್ಲು. ಆಯಿ ಯಾರಿಗೂ ಕಾಣದ ಹಾಗೆ ತೊಳೆದು ಸುಣ್ಣ ಹಚ್ಚಿ ಇಟ್ಟಿದ್ದಳು. ಪಾಂಡವರಿಲ್ಲದೆ ಚರಗ ಹೇಗೆ? ಕಲ್ಲು ಬೇಡ ಅಂತ ಮಗ ಅಂದದ್ದು ಆಕೆಗೆ ಕೇಳಿಸಿತ್ತು. ಆದರೆ ಸುಣ್ಣ ಹಚ್ಚಿದ ಮೇಲೆ ಅದು ಕಲ್ಲು ಅಂತ ಆಕೆಗೆ ಅನ್ನಿಸಿರಲೇ ಇಲ್ಲ.

ಕಾಕಾ ಮರಾಠಿಯಲ್ಲಿ ಫೌಜದಾರನಿಗೆ ತಿಳಿಸಿ ಹೇಳಿದ. ಫೌಜದಾರ ಬುಟ್ಟಿಯೊಳಗೆ ಬೆರಳು ಹಾಕಿ ಎಣಿಸಿದ. ಪಾಂಡವರು ಐದು ಮಂದಿ, ಇಲ್ಲಿ ಆರು ಇವೆಯಲ್ಲ ಅಂದ.

ಆಯಿಗೆ ಮರಾಠಿ ಚಲೋ ತಿಳಿಯುತ್ತಿತ್ತು. "ಆರನೇದು ದ್ರೌಪದಿ," ಅಂದಳು. "ಗಂಡಂದ್ರಷ್ಟ ಮೋರ್ಚಾಕ್ಕ ಬಂದು ಆಕೀನ ಮನ್ಯಾಗ ಬಿಟ್ಟು ಬರಬೇಕಿತ್ತೇನು?"

ಕೂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಒಬ್ಬಿಬ್ಬರು ಪೊಲೀಸರೂ ಮುಖ ಆ ಕಡೆ ತಿರುಗಿಸಿದರು. ಫೌಜದಾರ ನಗಲಿಲ್ಲ. ಇವನ್ನು ಗಟಾರಕ್ಕೆ ಎಸೆದು ಮುಂದೆ ಹೋಗಿ, ಇಲ್ಲವೇ ಬಂದ ದಾರಿ ಹಿಡಿಯಿರಿ ಅಂದ.

"ಒಗದ ಬಿಡು ಯವ್ವಾ," ಅಂದ ಕಾಕಾ. "ಪ್ರಾಂತ ಸಾಹೇಬ ಹೋಗಿ ಬಿಡ್ತಾನ. ಜೋಳ ಹೋಗತೈತಿ."

"ದೇವರನ್ನ ಗಟಾರದಾಗ ಒಗದು ಜೋಳ ಬೇಡಾಕ ಹೋಗ್ಲೇನು?" ಅಂದಳು ಆಯಿ. ಸೆರಗನ್ನು ಸೊಂಟಕ್ಕೆ ಸಿಗಿಸಿ ನಿಂತುಬಿಟ್ಟಳು.

ಈಗ ಹೇಳುತ್ತೇನೆ, ಆಯಿಯದೂ ಸ್ವಲ್ಪ ತಪ್ಪಿತ್ತು, ಕಾಕಾ ಅಂದದ್ದೂ ಸರಿಯಿತ್ತು. ಇಬ್ಬರೂ ಅಲ್ಲಾಡಲಿಲ್ಲ. ಹೊತ್ತು ಮಾತ್ರ ಜಾರುತ್ತಿತ್ತು. ಆಗ ಕೂತಲ್ಲಿಂದ ಅಪ್ಪ ಎದ್ದ. ಅಪ್ಪ ಮಾತು ಕಡಿಮೆಯವನು. ಕುರಿಗಳ ಜೊತೆ ಮಾತ್ರ ಮಾತಾಡುತ್ತಾನೆ ಅಂತ ಅವ್ವ ಆಡಿಕೊಳ್ಳುತ್ತಿದ್ದಳು.

"ಸಾಹೇಬ್ರ," ಅಂದ ಅಪ್ಪ. "ಕಲ್ಲು ನಮ್ಮ ಕೈಯಾಗ ಇದ್ರ ನಿಮಗ ಅಂಜಿಕಿ. ಗಟಾರದಾಗ ಇದ್ರ ನಮ್ಮವ್ವಗ ಸಂಕಟ. ನಿಮ್ಮ ಕೈಯಾಗ ಇರಲಿ. ನಿಮ್ಮಾವ್ರ ಹೊತ್ತು ಬರಲಿ. ನಾವು ಬರಿಗೈಲೆ ಹಿಂದ ಬರ್ತೀವಿ."

ಕಾಕಾ ಅದನ್ನೇ ಮರಾಠಿಯಲ್ಲಿ ಹೇಳಿದ. ಫೌಜದಾರ ಅಪ್ಪನ ಬರಿಗೈ ನೋಡಿದ. ರಸ್ತೆಯ ಮೇಲೆ ಕೂತ ಮಂದಿಯನ್ನು ನೋಡಿದ. ಸಾಲು ಎಲ್ಲಿ ಮುಗಿಯುತ್ತದೆ ಅಂತ ಕಾಣಿಸುತ್ತಿರಲಿಲ್ಲ. ಅಷ್ಟೂ ಮಂದಿಯನ್ನು ಎತ್ತಿ ಒಗೆಯುವುದಕ್ಕಿಂತ ಆರು ಕಲ್ಲು ಹೊರುವುದು ಹಗುರ ಅಂತ ಅವನಿಗೂ ಅನ್ನಿಸಿರಬೇಕು. ಹರೆಯದ ಪೊಲೀಸನಿಗೆ, ತಗೋ, ನೀನೇ ಹಿಡಿದವನು ನೀನೇ ಹೊರು ಅಂದ.

ಪೊಲೀಸ ಬುಟ್ಟಿ ಎತ್ತಲು ಬಗ್ಗಿದ. ಆಯಿ ಅವನ ಕಾಲು ನೋಡಿದಳು.

"ಬೂಟು?"

ಅವನು ಫೌಜದಾರನ ಕಡೆ ನೋಡಿದ. ಫೌಜದಾರ ಆಕಾಶದ ಕಡೆ ನೋಡಿದ. ಪೊಲೀಸ ಬೂಟು ಬಿಚ್ಚಿದ, ಎರಡರ ದಾರ ಕೂಡಿಸಿ ಕಟ್ಟಿ ಕುತ್ತಿಗೆಗೆ ಹಾಕಿಕೊಂಡ. ಆಯಿ ನನ್ನ ಸಿಂಬಿಯನ್ನು ಅವನ ಟೋಪಿಯ ಜಾಗದಲ್ಲಿ ಇಟ್ಟಳು. ಹೀಗೆ ಮೋರ್ಚಾ ಮತ್ತೆ ಎದ್ದಿತು. ಎಲ್ಲರಿಗಿಂತ ಮುಂದೆ ಬರಿಗಾಲಿನ ಪೊಲೀಸ, ಅವನ ತಲೆಯ ಮೇಲೆ ಪಾಂಡವರು, ಅವನ ಹಿಂದೆ ಹಗುರವಾಗಿ ನಾನು. ಜತ್ತದ ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬಂದು ನೋಡಿದರು. ಸುಡುವ ಡಾಂಬರಿನ ಮೇಲೆ ಅವನು ಕುಣಿದ ಹಾಗೆ ಹೆಜ್ಜೆ ಹಾಕುತ್ತಿದ್ದ.

"ಎಲ್ಲ್ಯಾಂವೋ ತಮ್ಮಾ ನೀ?" ಅಂತ ಆಯಿ ಕೇಳಿದಳು.

"ಡಫಳಾಪುರ," ಅಂದ ಅವನು ಕನ್ನಡದಲ್ಲಿ, ಮೆಲ್ಲಗೆ. "ನಮ್ಮ ಮನ್ಯಾಗೂ ಇವತ್ತ ಚರಗ ಐತ್ರಿ. ರಜಾ ಕೊಡಲಿಲ್ಲ."

"ಹಂಗಾರ ಕುಣಿಬ್ಯಾಡ, ನೆಟ್ಟಗ ನಡಿ. ಭೀಮ ಬಿದ್ದಾನು."

ಕಚೇರಿಯ ಅಂಗಳದಲ್ಲಿ ಒಂದು ಬೇವಿನ ಗಿಡ ಇತ್ತು. ಆಯಿ ಅದರ ಬುಡದಲ್ಲಿ ಪಾಂಡವರನ್ನು ಸಾಲಾಗಿ ಇಳಿಸಿ, ದ್ರೌಪದಿಯನ್ನು ಹಿಂದೆ ಇಟ್ಟು, ಅರಿಶಿಣ ಕುಂಕುಮ ಹಚ್ಚಿದಳು. ಎಡೆ ಹಿಡಿದಳು. ಆಮೇಲೆ ಬುಟ್ಟಿ ಎತ್ತಿಕೊಂಡು ಕಚೇರಿಯ ಗೋಡೆಯ ಕಡೆ ಹೊರಟಳು.

"ಎಲ್ಲಿ ಹೊಂಟಿ ಯವ್ವಾ? ಇದು ಹೊಲ ಅಲ್ಲ," ಅಂದ ಕಾಕಾ.

"ನಮ್ಮ ಹೊಲ ಎಲ್ಲೈತಿ? ಈ ಕಚೇರ್ಯಾಗ ಐತಿ ಅಂತ ನೀನಾ ಅಂದಿ. ಹಂಗಾರ ಚರಗ ಇಲ್ಲೇ."

ಆಕೆ ಕಚೇರಿಯ ಸುತ್ತ ನಡೆಯುತ್ತ ರೊಟ್ಟಿಯ ಚೂರು, ಕಡುಬು, ಪಲ್ಲೆ ಚೆಲ್ಲಿದಳು. "ಹುಲ್ಲುಲ್ಲಿಗೋ..." ಅಂತ ಚರಗದ ಕೂಗು ಹಾಕಿದಳು. ಹಿಂದೆ ಅಕ್ಕ ನೀರು ಚಿಮುಕಿಸುತ್ತ, "ಸಲಾಂಬ್ರಿಗೋ..." ಅಂದಳು. ಆಮೇಲೆ ಅಂಗಳದ ಅಷ್ಟೂ ಮಂದಿ ಒಂದೇ ಧ್ವನಿಯಲ್ಲಿ, "ಸಲಾಂಬ್ರಿಗೋ!" ಅಂದರು. ಬರಿಗಾಲಿನ ಪೊಲೀಸನೂ ಅಂದ. ಗಿಡದ ಮೇಲಿನ ಕಾಗೆಗಳೆಲ್ಲ ಎದ್ದವು. ಒಳಗಿನ ಕಾರಕೂನರು ಕಿಟಕಿಗೆ ಬಂದರು. ಅವರಲ್ಲಿ ಅರ್ಧ ಮಂದಿಗೆ ಅದೇನು ಅಂತ ಗೊತ್ತಿತ್ತು. ಅವರ ಮನೆಗಳಲ್ಲೂ ಅದೇ ಕೂಗು ಅಲ್ಲವೇ?

ಪ್ರಾಂತ ಸಾಹೇಬನಿಗೆ ಮಾತ್ರ ಗೊತ್ತಿರಲಿಲ್ಲ. ಇದು ಯಾವ ಘೋಷಣೆ, ಇವರು ಏನು ಬೇಡುತ್ತಿದ್ದಾರೆ ಅಂತ ಕೇಳಿ ಕಾಕಾನನ್ನು ಒಳಗೆ ಕರೆಸಿದ. ಬಾಗಿಲು ಮುಚ್ಚಿತು. ನಾವು ಕೂತೆವು. ನನಗೆ ಕಾಣುತ್ತಿದ್ದದ್ದು ಆ ಮುಚ್ಚಿದ ಬಾಗಿಲು ಮತ್ತು ಅವ್ವನ ಕೈ. ಅವ್ವ ಒಂದು ಹುಲ್ಲುಕಡ್ಡಿಯನ್ನು ಮುರಿದು ಮುರಿದು ಪುಡಿ ಮಾಡುತ್ತಿದ್ದಳು. ಯಾರೂ ಉಣ್ಣಲಿಲ್ಲ. ನನಗೆ ಹೊಟ್ಟೆ ಹಸಿದಿತ್ತು, ಕೇಳುವ ಧೈರ್ಯ ಇರಲಿಲ್ಲ.

ಬಾಗಿಲು ತೆರೆಯಿತು. ಕಾಕಾ ಒಬ್ಬನೇ ಬರಲಿಲ್ಲ, ಸಾಹೇಬನೂ ಬಂದ. ಸಾಹೇಬ ಒಳಗೇ ಏನೋ ಹೇಳಲು ಹೋದನಂತೆ. "ನನಗ ಹೇಳಬ್ಯಾಡ್ರಿ, ಹೊರಗ ಕುಂತಾವ್ರಿಗೆ ಹೇಳ್ರಿ," ಅಂದನಂತೆ ಕಾಕಾ. ಸಾಹೇಬ ಮೆಟ್ಟಿಲ ಮೇಲೆ ನಿಂತು ಮರಾಠಿಯಲ್ಲಿ ಎರಡೇ ಮಾತು ಹೇಳಿದ. ಈ ಜೋಳವನ್ನು ಯಾರೂ ಮುಟ್ಟುವುದಿಲ್ಲ. ಬಿತ್ತಿದವರೇ ರಾಶಿ ಮಾಡಿಕೊಳ್ಳಲಿ.

ಒಂದು ಗಳಿಗೆ ಯಾರಿಗೂ ನಂಬಿಕೆ ಬರಲಿಲ್ಲ. ಆಮೇಲೆ ಅವ್ವ ಅತ್ತಳು. ಬೂದಿ ತೆಗೆಯುವಾಗ ಅಳದವಳು ಆಗ ಅತ್ತಳು.

ಆಯಿ ಅಳಲಿಲ್ಲ. ಕೈಯಲ್ಲಿ ಖಾಲಿ ಬುಟ್ಟಿ ಹಿಡಿದು ಮೆಟ್ಟಿಲ ಹತ್ತಿರ ಹೋದಳು. "ಬೆಳಿ ನಮ್ಮದು ಅಂದ್ರಿ. ಚಲೋ ಆತು. ನೆಲ?"

ಕಾಕಾ ಅದನ್ನು ಮರಾಠಿಯಲ್ಲಿ ತಿಳಿಸಿದ. ನೋಡೋಣ ಅಂದ ಸಾಹೇಬ.

"ಹಂಗಾರ ನೋಡ್ರಿ. ನೀವು ನೋಡೂತನಕಾ ನಾವು ವರ್ಷಾವರ್ಷಾ ಬಂದು ಇಲ್ಲೇ ಚರಗ ಚೆಲ್ತೀವಿ."

ಅದಾದ ಮೇಲೆ ಉಂಡೆವು. ಪೊಲೀಸರೂ ಉಂಡರು. ಫೌಜದಾರ ಉಣ್ಣಲಿಲ್ಲ. ಕರೆದದ್ದಕ್ಕೆ ಬೇಡ ಅಂದು ಗೋಡೆಯ ನೆರಳಿನಲ್ಲಿ ಬೀಡಿ ಸೇದುತ್ತ ನಿಂತ. ಕಡುಬು ಕೊಟ್ಟರೆ ಎಲ್ಲರ ಮನಸ್ಸೂ ಕರಗುತ್ತದೆ ಅಂತ ನಾನು ನಿಮಗೆ ಸುಳ್ಳು ಹೇಳುವುದಿಲ್ಲ. ಅಪ್ಪನಿಗೆ ಗೌಡರು ಮರುದಿನ ಕುರಿ ಕೊಡಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಪ್ಪ ಬೇರೆಯವರ ಕುರಿ ಹುಡುಕಿಕೊಂಡ.

ಆ ಜೋಳದ ರಾಶಿ ಆಯಿತು. ಮರುವರ್ಷ ಮತ್ತೆ ಬಿತ್ತಿದೆವು, ಮತ್ತೆ ತಲಾಠಿ ಬಂದ, ಮತ್ತೆ ನಡೆದೆವು. ಸಾಹೇಬರು ಬದಲಾದರು, ನಡೆಯುವವರು ಬದಲಾಗಲಿಲ್ಲ. ನನ್ನ ಮದುವೆ ಅದೇ ವಸ್ತಿಯಲ್ಲಿ ಆಯಿತು, ನಿಮ್ಮ ಅಜ್ಜನ ಮನೆಯವರೂ ಅದೇ ಸಾಲಿನಲ್ಲಿ ನಡೆದವರು. ನಿಮ್ಮ ಅಪ್ಪನನ್ನು ಸೊಂಟದ ಮೇಲೆ ಹೊತ್ತು ನಾನೂ ನಡೆದಿದ್ದೇನೆ. ಕೊನೆಗೆ ಒಂದು ದಿನ ಸರಪಳಿ ಹಿಡಿದು ಬಂದು ಅಳತೆ ಮಾಡಿ ಪಟ್ಟಿಯನ್ನು ಮನೆಮನೆಯ ಹೆಸರಿಗೆ ಮಾಡಿಕೊಟ್ಟರು. ಎಲ್ಲರಿಗೂ ಸಿಗಲಿಲ್ಲ, ಸೋನ್ಯಾಳದ ಕಡೆಯ ಕೆಲವರು ಇನ್ನೂ ಅಡ್ಡಾಡುತ್ತಿದ್ದಾರೆ. ಆಯಿ ಅಳತೆ ನೋಡಲಿಲ್ಲ, ಅಷ್ಟರಲ್ಲಿ ತೀರಿಕೊಂಡಿದ್ದಳು. ಇದ್ದಿದ್ದರೆ, ಆ ಕಡೆಯ ತುಂಡು ಯಾಕೆ ಬಿಟ್ಟಿರಿ ಅಂತ ಸರಪಳಿಯವರ ಜೊತೆ ಜಗಳ ತೆಗೆಯುತ್ತಿದ್ದಳು.

ನೀವು ಈಗ ಎಳ್ಳ ಅಮಾಸಿಗೆ ಗಾಡಿಯಲ್ಲಿ ಹೊಲಕ್ಕೆ ಬರುತ್ತೀರಿ. ಇಳಿದ ಕೂಡಲೇ ಬಿಸಿಲು ಅಂತೀರಿ, ಮೊಬೈಲಿಗೆ ರೇಂಜ್ ಇಲ್ಲ ಅಂತೀರಿ, ಕಡುಬು ಬೇಡ, ಕುರಕುರೆ ಇದೆಯಾ ಅಂತೀರಿ. ನನಗೆ ಸಿಟ್ಟು ಬರುತ್ತದೆ, ಬೈಯುತ್ತೇನೆ. ಬೈಯುವುದು ಬಿಡುವುದಿಲ್ಲ.

ಆದರೆ ಒಂದು ಮಾತು ಹೇಳಬೇಕು. ಆಗ ಪರವೂರಿನವರು ನಮ್ಮಂಥ ಹುಡುಗರನ್ನು ಕಂಡರೆ ಹೆಸರು ಕೇಳುತ್ತಿರಲಿಲ್ಲ. "ಯಾರ ಹೊಲದಾಗ ದುಡೀತೀರಿ?" ಅಂತ ಕೇಳುತ್ತಿದ್ದರು. ನಾವು ಗೌಡರ ಹೆಸರು ಹೇಳುತ್ತಿದ್ದೆವು, ನಮ್ಮ ಹೆಸರು ಮುಗಿಯುತ್ತಿತ್ತು. ಮೊನ್ನೆ ಮದುವೆಯಲ್ಲಿ ಯಾರೋ ನಿಮ್ಮನ್ನು, "ನಿನ್ನ ಹೆಸರೇನು, ಸಾಲ್ಯಾಗ ಎಷ್ಟನೇ ಇಯತ್ತಾ?" ಅಂತ ಕೇಳಿದರು. ಎಲ್ಲರೂ ಇದನ್ನೇ ಕೇಳುತ್ತಾರೆ ಅಂತ ನೀವು ಮುಖ ಸಿಂಡರಿಸಿಕೊಂಡು ಓಡಿಹೋದಿರಿ. ನಾನು ಅಲ್ಲೇ ಕೂತು ನೋಡುತ್ತಿದ್ದೆ. ಆವತ್ತು ಮಾತ್ರ ನಾನು ಬೈಯಲಿಲ್ಲ.